ಹುಳಿಗೆ ಅಂಕಿ ಕೊಟ್ಟ ಸೋರೆನ್ಸನ್

ಶ್ಯಾಂಪೂ ಬಾಟಲಿಯ ಮೇಲೆ ಪಿಎಚ್ 5.5 ಎಂದು ಬರೆದಿರುತ್ತದೆ. ನೀರಿನ ಫಿಲ್ಟರ್ ಮಾರಲು ಬಂದವನು ನಮ್ಮ ನಲ್ಲಿ ನೀರಿಗೆ ಎರಡು ಹನಿ ಬಣ್ಣ ಬಿಟ್ಟು ಪಿಎಚ್ ತೋರಿಸುತ್ತಾನೆ. ಸೊಸೈಟಿಯ ಈಜುಕೊಳದ ಪಕ್ಕದ ಹಲಗೆಯಲ್ಲೂ ಅದಿದೆ, ಐಸಿಯುನಿಂದ ಬರುವ ರಕ್ತದ ವರದಿಯಲ್ಲೂ ಅದಿದೆ. ಹೀಗೆ ಎಲ್ಲೆಂದರಲ್ಲಿ ಕಾಣುವ ಈ ಎರಡಕ್ಷರವನ್ನು 1909ರಲ್ಲಿ ಕಾಗದದ ಮೇಲೆ ಇಟ್ಟವರು ಡೆನ್ಮಾರ್ಕ್ ದೇಶದ ಸೋರೆನ್ ಪೀಟರ್ ಲೌರಿಟ್ಸ್ ಸೋರೆನ್ಸನ್. ಪಠ್ಯಪುಸ್ತಕದಲ್ಲಿ ಅವರಿಗೆ ಸಿಗುವುದು ಅರ್ಧ ಸಾಲು. ಆ ಅರ್ಧ ಸಾಲನ್ನೇ ನಾನು ಬಹಳ ವರ್ಷ ಮುಂಬಯಿಯ ಜೂನಿಯರ್ ಕಾಲೇಜಿನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಕೆಂಪಿನಿಂದ ನೇರಳೆಯವರೆಗಿನ ಬಣ್ಣದ ಪಟ್ಟಿ, ಸೊನ್ನೆಯಿಂದ ಹದಿನಾಲ್ಕು, ನಡುವೆ ಏಳು. ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಸೊನ್ನೆಯ ಆಚೆಗೂ ಹದಿನಾಲ್ಕರ ಆಚೆಗೂ ಏನೂ ಇಲ್ಲ ಎಂದೇ ಹೆಚ್ಚಿನವರ ನಂಬಿಕೆ. ಸೋರೆನ್ಸನ್ ಅಂಥ ಬೇಲಿಯನ್ನೇನೂ ಹಾಕಿರಲಿಲ್ಲ. ಅವರ ಬದುಕನ್ನು ಓದಿದಾಗ ನನಗೆ ಹಿಡಿಸಿದ್ದು ಬೇರೆಯೇ ಒಂದು ಗುಣ: ತಾವು ಮಾಡಿದ ಅಳತೆಗೋಲು ಎಲ್ಲೆಲ್ಲಿ ತಪ್ಪುತ್ತದೆ ಎಂದು ಹುಡುಕಲು ಅವರೇ ಮುಂದಾಗಿದ್ದರು.

ಸೋರೆನ್ಸನ್ ಹುಟ್ಟಿದ್ದು 1868ರ ಜನವರಿ 9ರಂದು, ಹಾವ್ರೆಬ್ಯೆರ್ಗ್ ಎಂಬ ಹಳ್ಳಿಯಲ್ಲಿ, ರೈತನ ಮಗನಾಗಿ. ಹದಿನೆಂಟನೇ ವಯಸ್ಸಿಗೆ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದರು. ಡಾಕ್ಟರಾಗಬೇಕೆಂದು ಹೋದ ಹುಡುಗ ಅಲ್ಲಿ ಯೋರ್ಗೆನ್ಸನ್ ಎಂಬ ಪ್ರಾಧ್ಯಾಪಕರ ಪ್ರಭಾವಕ್ಕೆ ಸಿಕ್ಕಿ ರಸಾಯನಶಾಸ್ತ್ರಕ್ಕೆ ತಿರುಗಿದರು. ಓದುವಾಗಲೇ ಪ್ರಬಂಧಗಳಿಗೆ ವಿಶ್ವವಿದ್ಯಾಲಯದ ಎರಡು ಚಿನ್ನದ ಪದಕ ಬಂದವು. ಡಾಕ್ಟರೇಟಿಗೆ ಕೆಲಸ ಮಾಡುತ್ತಲೇ ದೇಶದ ಭೂವಿಜ್ಞಾನ ಸಮೀಕ್ಷೆಯಲ್ಲಿ ನೆರವಾದರು, ಪಾಲಿಟೆಕ್ನಿಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು, ನೌಕಾಪಡೆಯ ಹಡಗುಕಟ್ಟೆಗೆ ಸಲಹೆಗಾರರೂ ಆಗಿದ್ದರು. 1899ರಲ್ಲಿ ಕೋಬಾಲ್ಟ್ ಸಂಯುಕ್ತಗಳ ಮೇಲಿನ ಸಂಶೋಧನೆಗೆ ಡಾಕ್ಟರೇಟ್ ಬಂತು. ಇಷ್ಟರವರೆಗೆ ಅವರದು ಒಬ್ಬ ಒಳ್ಳೆಯ, ಅಚ್ಚುಕಟ್ಟಾದ ರಸಾಯನಶಾಸ್ತ್ರಜ್ಞನ ಬದುಕು, ಅಷ್ಟೇ.

ತಿರುವು ಬಂದದ್ದು ಮರುವರ್ಷ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಭಾಗದ ಮುಖ್ಯಸ್ಥ ಯೋಹಾನ್ ಕೆಲ್ಡಾಲ್ 1900ರಲ್ಲಿ ತೀರಿಕೊಂಡರು. ಆಹಾರದಲ್ಲಿ ಸಾರಜನಕ ಎಷ್ಟಿದೆಯೆಂದು ಅಳೆದು ಅದರಿಂದ ಪ್ರೋಟೀನ್ ಲೆಕ್ಕ ಹಾಕುವ ವಿಧಾನ ಇದೇ ಕೆಲ್ಡಾಲ್ ಅವರದು, ಅದು ಇಂದಿಗೂ ಬಳಕೆಯಲ್ಲಿದೆ. ಅವರ ಜಾಗಕ್ಕೆ 1901ರಲ್ಲಿ ಸೋರೆನ್ಸನ್ ಬಂದರು, 1938ರವರೆಗೆ ಅಲ್ಲೇ ಉಳಿದರು. ಕಾರ್ಲ್ಸ್‌ಬರ್ಗ್ ಎಂದರೆ ಬಿಯರ್ ಕಂಪನಿಯಲ್ಲವೇ ಎಂದು ಕೇಳುವಿರಿ. ಹೌದು, ಅದೇ. ಅದರ ಮಾಲೀಕ ಜೆ. ಸಿ. ಜೇಕಬ್‌ಸನ್ 1875ರಲ್ಲಿ ಈ ಪ್ರಯೋಗಾಲಯ ಕಟ್ಟಿಸಿ, ಇಲ್ಲಿ ಕಂಡುಕೊಂಡದ್ದನ್ನು ಗುಟ್ಟಾಗಿ ಇಟ್ಟುಕೊಳ್ಳಬಾರದು, ಪ್ರಕಟಿಸಬೇಕು ಎಂದು ನಿಯಮ ಮಾಡಿದ್ದರು. ಅಲ್ಲಿಯೇ ಎಮಿಲ್ ಹ್ಯಾನ್ಸನ್ 1883ರಲ್ಲಿ ಬಿಯರಿಗೆ ಬೇಕಾದ ಶುದ್ಧ ಯೀಸ್ಟನ್ನು ಬೇರ್ಪಡಿಸಿದಾಗ, ಜೇಕಬ್‌ಸನ್ ಅದನ್ನು ಬೇರೆ ಬ್ರೂವರಿಗಳಿಗೂ ಹಂಚಿದರು. ಬಿಯರಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಏನೇ ಇರಲಿ, ಈ ಔದಾರ್ಯವನ್ನು ಮೆಚ್ಚಲೇಬೇಕು. ಪಿಎಚ್ ಕೂಡ ಹಾಗೆ ಯಾರ ಅಪ್ಪಣೆಯೂ ಇಲ್ಲದೆ ಲೋಕದ ಸೊತ್ತಾಯಿತು.

ಬ್ರೂವರಿಗೂ ಹುಳಿಗೂ ಏನು ಸಂಬಂಧ? ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿದರೆ ಗಂಜಿಗೆ ಒಂದು ಸಿಹಿ ಬರುತ್ತದಲ್ಲ, ಅದು ಮೊಳಕೆಯೊಳಗಿನ ಕಿಣ್ವದ ಕೆಲಸ. ಅದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಬ್ರೂವರಿಯವರು ಬಾರ್ಲಿಯಲ್ಲಿ ಮಾಡುವುದೂ ಇದನ್ನೇ. ಕಿಣ್ವಗಳಿಗೆ ಹುಳಿಯ ವಿಷಯದಲ್ಲಿ ಬಹಳ ನಾಜೂಕು. ಜಠರದ ಪೆಪ್ಸಿನ್‌ಗೆ ಗಟ್ಟಿ ಹುಳಿ ಬೇಕು, ಕರುಳಿನಲ್ಲಿ ಕೆಲಸ ಮಾಡುವ ಟ್ರಿಪ್ಸಿನ್‌ಗೆ ತುಸು ಕ್ಷಾರ ಬೇಕು. ಸ್ವಲ್ಪ ಆಚೀಚೆಯಾದರೂ ಅವು ಕೈಕಟ್ಟಿ ಕೂರುತ್ತವೆ. ಹಾಗಾದರೆ ಹುಳಿಯನ್ನು ಸರಿಯಾಗಿ ಅಳೆಯಬೇಕಲ್ಲ?

ಆಗ ಇದ್ದ ದಾರಿ ಟೈಟ್ರೇಶನ್. ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಹನಿಗೆ ಹುಳಿ ಸತ್ತಿತು ಎಂದು ನೋಡುವುದು. ಇದರಿಂದ ಒಟ್ಟು ಆಮ್ಲ ಎಷ್ಟು ಎಂದು ತಿಳಿಯುತ್ತದೆ. ಆದರೆ ಕಿಣ್ವಕ್ಕೆ ಒಟ್ಟು ಲೆಕ್ಕದಿಂದ ಆಗಬೇಕಾದ್ದೇನೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎಫ್‌ಡಿಯಲ್ಲಿ ಎಷ್ಟಿದೆ ಎನ್ನುವುದು ಬೇರೆ, ಈಗ ಪರ್ಸಿನಲ್ಲಿ ಎಷ್ಟಿದೆ ಎನ್ನುವುದು ಬೇರೆ. ಲೀಟರಿಗೆ 0.1 ಮೋಲ್ ಇರುವ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅಷ್ಟೇ ಪ್ರಮಾಣದ ವಿನೆಗರಿನ ಆಮ್ಲವನ್ನೂ ಪಕ್ಕಪಕ್ಕ ಇಡಿ. ಎರಡನ್ನೂ ಕೊಲ್ಲಲು ಒಂದೇ ಅಳತೆಯ ಕ್ಷಾರ ಸಾಕು. ಆದರೆ ಮೊದಲನೆಯದರಲ್ಲಿ ಬಿಡಿಯಾಗಿ ಓಡಾಡುವ ಹೈಡ್ರೋಜನ್ ಅಯಾನುಗಳು ಎರಡನೆಯದಕ್ಕಿಂತ ಸುಮಾರು 75 ಪಟ್ಟು ಹೆಚ್ಚು. ವಿನೆಗರು ತನ್ನ ಹಣವನ್ನೆಲ್ಲ ಎಫ್‌ಡಿಯಲ್ಲಿಟ್ಟಿದೆ. ಕಿಣ್ವ ನೋಡುವುದು ಪರ್ಸನ್ನು ಮಾತ್ರ.

ಪರ್ಸಿನ ಲೆಕ್ಕವೇ ಮುಖ್ಯವೆಂದು ಹಿಡಿದದ್ದು, ಅದನ್ನು ಅಳೆಯುವ ನಂಬಬಹುದಾದ ವಿಧಾನ ಕೊಟ್ಟದ್ದು ಸೋರೆನ್ಸನ್ ಅವರ 1909ರ ದೊಡ್ಡ ಪ್ರಬಂಧ. ಕಿಣ್ವಗಳ ಕೆಲಸದಲ್ಲಿ ಹೈಡ್ರೋಜನ್ ಅಯಾನುಗಳ ಅಳತೆ ಮತ್ತು ಅದರ ಮಹತ್ವ ಎಂಬುದು ಅದರ ವಿಷಯ, ಜರ್ಮನ್ ರೂಪವೇ ಸುಮಾರು 170 ಪುಟ. ಇನ್ವರ್ಟೇಸ್, ಕ್ಯಾಟಲೇಸ್, ಪೆಪ್ಸಿನ್ ಎಂಬ ಮೂರು ಕಿಣ್ವಗಳ ಮೇಲೆ ಪ್ರಯೋಗ. ಅಳತೆಗೆ ಎರಡು ದಾರಿ. ಒಂದು, ಪ್ಲಾಟಿನಮ್ ಮತ್ತು ಹೈಡ್ರೋಜನ್ ಅನಿಲದ ಎಲೆಕ್ಟ್ರೋಡಿನಿಂದ ವೋಲ್ಟೇಜ್ ಅಳೆದು ಲೆಕ್ಕ ಹಾಕುವುದು. ಕರಾರುವಾಕ್ಕು, ಆದರೆ ತಾಪತ್ರಯದ್ದು. ಇನ್ನೊಂದು, ಬಣ್ಣ ಬದಲಿಸುವ ಸೂಚಕಗಳು. ಆರತಿ ನೀರಿಗೆ ಅರಿಶಿನದ ಜೊತೆ ಚಿಟಿಕೆ ಸುಣ್ಣ ಬೆರೆಸಿ ಕೆಂಪು ಮಾಡುವ ನಮಗೆ ಸೂಚಕ ಎಂದರೇನೆಂದು ಹೇಳಿಕೊಡಬೇಕಿಲ್ಲ. ಅರಿಶಿನ ಹೇಳುವುದು ಕ್ಷಾರ ಬಂತು ಎಂದಷ್ಟೇ. ಸೋರೆನ್ಸನ್ ಬೇರೆಬೇರೆ ಮಟ್ಟದಲ್ಲಿ ತಿರುಗುವ ಹಲವು ಬಣ್ಣಗಳನ್ನು ಜೋಡಿಸಿಕೊಂಡರು; ಹುಳಿ ಸುಲಭಕ್ಕೆ ಕದಲದ ಬಫರ್ ದ್ರಾವಣಗಳನ್ನು ತಯಾರಿಸಿ, ಒಂದೊಂದನ್ನೂ ಎಲೆಕ್ಟ್ರೋಡಿನಿಂದ ಅಳೆದು, ಬಣ್ಣ ಹೋಲಿಸಲು ಮಾದರಿಯಾಗಿ ಇಟ್ಟರು.

ಅಂಕಿಯ ಉಪಾಯ ಬಂದದ್ದು ಬರಿಯ ಅನುಕೂಲಕ್ಕೆ. ಶುದ್ಧ ನೀರಿನಲ್ಲಿ ಹೈಡ್ರೋಜನ್ ಅಯಾನು ಲೀಟರಿಗೆ 0.0000001 ಮೋಲ್. ಇಷ್ಟೊಂದು ಸೊನ್ನೆ ಬರೆಯುತ್ತ ಕೂತರೆ ನಕ್ಷೆ ಎಳೆಯುವುದು ಹೇಗೆ? ಅದು ಹತ್ತರ ಮೈನಸ್ ಏಳನೇ ಘಾತ; ಮೈನಸ್ ಬಿಟ್ಟು ಏಳನ್ನು ಮಾತ್ರ ಇಟ್ಟುಕೊಳ್ಳೋಣ ಎಂದರು. ಆ ಘಾತಾಂಕವೇ ಪಿಎಚ್. ಪಿ ಎಂದರೆ ಏನು ಎಂಬ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ: ಘಾತ ಎಂಬರ್ಥದ ಜರ್ಮನ್, ಫ್ರೆಂಚ್ ಪದಗಳ ಮೊದಲಕ್ಷರ ಎಂದು ಕೆಲವರು, ಅವರ ಲೆಕ್ಕದಲ್ಲಿದ್ದ ಪಿ ಮತ್ತು ಕ್ಯು ಎಂಬ ಅಕ್ಷರಜೋಡಿಯಲ್ಲಿ ಒಂದು ಎಂದು ಕೆಲವರು.

ಈ ಅನುಕೂಲಕ್ಕೆ ನಾವು ತೆರುವ ಬೆಲೆಯೂ ಇದೆ. ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45. ಅದು 7.4ರಿಂದ 7.1ಕ್ಕೆ ಇಳಿಯಿತು ಎಂದರೆ ಮನೆಯವರಿಗೆ ಏನೋ ಪಾಯಿಂಟ್ ಮೂರು ಕಡಿಮೆಯಾಯಿತು ಅನ್ನಿಸುತ್ತದೆ. ಹೈಡ್ರೋಜನ್ ಅಯಾನು ದುಪ್ಪಟ್ಟಾಗಿರುತ್ತದೆ, ಡಾಕ್ಟರು ಓಡುತ್ತಿರುತ್ತಾರೆ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದಾಗ ಹೀಗಾಗುವುದುಂಟು. ರಕ್ತದ ಈ ಲೆಕ್ಕ ಬಂದದ್ದೂ ಕೋಪನ್‌ಹೇಗನ್ನಿನಿಂದಲೇ: ಅಲ್ಲಿನ ಹ್ಯಾಸೆಲ್‌ಬಾಲ್ಕ್ ಎಂಬ ವೈದ್ಯವಿಜ್ಞಾನಿ, ಅಮೆರಿಕದ ಹೆಂಡರ್‌ಸನ್ ಅವರ ಸಮೀಕರಣವನ್ನು 1916ರಲ್ಲಿ ಸೋರೆನ್ಸನ್ ಅವರ ಪಿಎಚ್‌ಗೆ ಹೊಂದಿಸಿ ಬರೆದರು. ರಕ್ತ ತಾನೇ ಒಂದು ಬಫರ್. ಶ್ವಾಸಕೋಶ, ಮೂತ್ರಪಿಂಡ ಅದನ್ನು ಕಾಯುತ್ತವೆ. ಹಾಗಾಗಿ ಕ್ಷಾರದ ನೀರು ಕುಡಿದು ರಕ್ತವನ್ನು ಕ್ಷಾರ ಮಾಡಿಕೊಳ್ಳಿ ಎಂಬ ವಾಟ್ಸ್‌ಆ್ಯಪ್ ಸಂದೇಶ ನನಗೆ ಬಂದರೆ ನಾನು ಮುಂದೆ ಕಳಿಸುವುದಿಲ್ಲ. ಆ ನೀರು ಮೊದಲು ಇಳಿಯುವುದು ಜಠರದ ಆಮ್ಲಕ್ಕೆ.

ಬರ್ಲಿನ್ನಿನಲ್ಲಿ ಲಿಯೊನೋರ್ ಮೈಖೇಲಿಸ್ ಮತ್ತು ಕೆನಡಾದಿಂದ ಅಲ್ಲಿಗೆ ಬಂದಿದ್ದ ವೈದ್ಯೆ ಮಾಡ್ ಮೆಂಟನ್ 1913ರಲ್ಲಿ ಕಿಣ್ವದ ವೇಗಕ್ಕೆ ಕೊಟ್ಟ ಸಮೀಕರಣವನ್ನು ಜೀವರಸಾಯನ ಓದಿದವರೆಲ್ಲ ಬಲ್ಲರು. ಆ ಪ್ರಯೋಗ ನಿಂತದ್ದು ಪಿಎಚ್ ಅನ್ನು ಬಫರಿನಿಂದ ಕದಲದಂತೆ ಹಿಡಿದದ್ದರಿಂದ. ಆ ಎಚ್ಚರವನ್ನು ಕಲಿಸಿದ್ದು 1909ರ ಪ್ರಬಂಧ.

ಇನ್ನು ಎಲ್ಲೆಯ ವಿಷಯ. ಬಣ್ಣದ ವಿಧಾನ ಮೋಸ ಮಾಡುತ್ತದೆ ಎಂದು ಸೋರೆನ್ಸನ್ ಆ ಪ್ರಬಂಧದಲ್ಲೇ ಎಚ್ಚರಿಸಿದ್ದರು. ದ್ರಾವಣದಲ್ಲಿ ಪ್ರೋಟೀನ್ ಇದ್ದರೆ ಬಣ್ಣ ತಪ್ಪು ಹೇಳುತ್ತದೆ, ಉಪ್ಪು ಹೆಚ್ಚಿದ್ದರೂ ತಪ್ಪು ಹೇಳುತ್ತದೆ. 1910ರಲ್ಲಿ ಪಾಲಿಟ್ಷ್ ಎಂಬ ಸಹೋದ್ಯೋಗಿಯ ಜೊತೆ ಸಮುದ್ರದ ನೀರನ್ನು ಅಳೆದಾಗ ಉಪ್ಪಿನಿಂದಾಗುವ ತಪ್ಪಿಗೆ ತಿದ್ದುಪಡಿಯನ್ನೂ ಲೆಕ್ಕ ಹಾಕಿದರು. ಇವತ್ತಿಗೂ ಸಮುದ್ರ ವಿಜ್ಞಾನಿಗಳು ಪಿಎಚ್‌ಗೆ ಬೇರೆಯದೇ ಮಾಪನ ಇಟ್ಟುಕೊಂಡಿದ್ದಾರೆ. ಕೈಗಾರಿಕೆಗಳು ಬರುವ ಮುಂಚಿನ ದಿನಗಳಿಗೆ ಹೋಲಿಸಿದರೆ ಸಮುದ್ರದ ಮೇಲ್ಪದರ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಕೇಳಲು ಪಾಯಿಂಟ್ ಒಂದು. ಹೈಡ್ರೋಜನ್ ಅಯಾನಿನಲ್ಲಿ ಶೇಕಡ 25ಕ್ಕಿಂತ ಹೆಚ್ಚಿನ ಏರಿಕೆ. ಚಿಪ್ಪು ಕಟ್ಟುವ ಜೀವಿಗಳಿಗೆ ಅದು ಸಣ್ಣ ಮಾತಲ್ಲ.

ದೊಡ್ಡ ತಿದ್ದುಪಡಿ ಬಂದದ್ದು 1924ರಲ್ಲಿ. 1909ರ ಲೆಕ್ಕ ಅಯಾನುಗಳ ಸಾರತೆಯನ್ನು, ಅಂದರೆ ಲೀಟರಿನಲ್ಲಿ ಎಷ್ಟಿವೆ ಎಂಬುದನ್ನು ಆಧರಿಸಿತ್ತು. ಅಷ್ಟರಲ್ಲಿ ವಿಜ್ಞಾನ ಮುಂದೆ ಹೋಗಿತ್ತು. ದ್ರಾವಣ ತೀರ ತಿಳಿಯಾಗಿಲ್ಲದಿದ್ದರೆ ಅಯಾನುಗಳು ಒಂದನ್ನೊಂದು ಎಳೆಯುತ್ತವೆ, ಇದ್ದಷ್ಟೂ ಕೆಲಸ ಮಾಡುವುದಿಲ್ಲ. ಲೋಕಲ್ ಟ್ರೇನಿನ ಬಾಗಿಲಲ್ಲಿ ನೂರು ಜನ ನಿಂತಿದ್ದರೂ ಕೈಯಾಡಿಸಲು ಆಗುವುದು ಕೆಲವರಿಗೆ ಮಾತ್ರ, ಹಾಗೆ. ಎಲೆಕ್ಟ್ರೋಡ್ ಅಳೆಯುವುದು ತಲೆ ಎಣಿಕೆಯನ್ನಲ್ಲ, ಈ ಕ್ರಿಯಾಶಕ್ತಿಯನ್ನು. ಇದು ಸ್ಪಷ್ಟವಾದಾಗ ಸೋರೆನ್ಸನ್ ತಮ್ಮ ಹದಿನೈದು ವರ್ಷದ ಹಳೆಯ ವ್ಯಾಖ್ಯೆಗೆ ಅಂಟಿಕೊಳ್ಳಲಿಲ್ಲ. ಲೋಕವೆಲ್ಲ ಅದನ್ನು ಬಳಸುತ್ತಿದ್ದಾಗಲೇ, ಶಿಷ್ಯ ಲಿಂಡರ್‌ಸ್ಟ್ರೋಮ್ ಲ್ಯಾಂಗ್ ಜೊತೆ ಸೇರಿ, ಹೈಡ್ರೋಜನ್ ಅಯಾನಿನ ಕ್ರಿಯಾಶಕ್ತಿಯ ಮೇಲೆ ಹೊಸ ವ್ಯಾಖ್ಯೆ ಮುಂದಿಟ್ಟರು. ಐವತ್ತಾರು ವಯಸ್ಸಿನ, ಹೆಸರು ಮಾಡಿದ ಮುಖ್ಯಸ್ಥ ಹೀಗೆ ಮಾಡುವುದು ನಾನು ಕಂಡ ಸಂಸ್ಥೆಗಳಲ್ಲಿ ಅಪರೂಪ.

ಹಾಗಾದರೆ ಸೊನ್ನೆ ಮತ್ತು ಹದಿನಾಲ್ಕು ಎಲ್ಲಿಂದ ಬಂದವು? ಲೀಟರಿಗೆ ಒಂದು ಮೋಲ್ ಹೈಡ್ರೋಜನ್ ಅಯಾನು ಇದ್ದರೆ ಅಂಕಿ ಸೊನ್ನೆ. ಅಷ್ಟೇ ಹೈಡ್ರಾಕ್ಸೈಡ್ ಇದ್ದರೆ, 25 ಡಿಗ್ರಿ ಶಾಖದಲ್ಲಿ, ಹದಿನಾಲ್ಕು. ಸಾಮಾನ್ಯ ಪ್ರಯೋಗಗಳಿಗೆ ಇಷ್ಟು ಸಾಕು ಎಂದು ಪಟ್ಟಿ ಅಲ್ಲಿಗೆ ನಿಂತಿತು. ಆದರೆ ಬಾಟಲಿಯಲ್ಲಿ ಬರುವ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ ಲೀಟರಿಗೆ ಸುಮಾರು 12 ಮೋಲ್. ಅದರ ಪಿಎಚ್ ಸೊನ್ನೆಗಿಂತ ಕೆಳಗೆ, ಮೈನಸ್. ಟಾಯ್ಲೆಟ್ ತೊಳೆಯುವ ಹಲವು ದ್ರಾವಣಗಳಲ್ಲೂ ಸುಮಾರು ಶೇಕಡ 10ರಷ್ಟು ಇದೇ ಆಮ್ಲವಿದೆ, ಅದೂ ಸೊನ್ನೆಯ ಆಚೆಯದೇ. ಪಿಎಚ್ ಕಾಗದ ಅದ್ದಿದರೆ ಪಟ್ಟಿಯ ಕೊನೆಯ ಕೆಂಪು ತೋರಿಸಿ ಸುಮ್ಮನಾಗುತ್ತದೆ. ಅದರಾಚೆ ಎಷ್ಟು ಎಂದು ಹೇಳುವ ಶಕ್ತಿ ಆ ಕಾಗದಕ್ಕಿಲ್ಲ. (ಈ ದ್ರಾವಣದ ಜೊತೆ ಬ್ಲೀಚ್ ಮಾತ್ರ ಎಂದೂ ಬೆರೆಸಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತದೆ.)

ಏಳು ಎಂದರೆ ತಟಸ್ಥ ಎಂಬುದೂ 25 ಡಿಗ್ರಿಯ ಮಾತು. ನಮ್ಮ ಮೈಯ 37 ಡಿಗ್ರಿಯಲ್ಲಿ ತಟಸ್ಥ ಬಿಂದು ಸುಮಾರು 6.8, ಕುದಿಯುವ ನೀರಿನಲ್ಲಿ ಸುಮಾರು 6.1. ಕುದಿಯುವ ಶುದ್ಧ ನೀರೇನೂ ಹುಳಿಯಾಗಿಲ್ಲ. ಎರಡೂ ಬಗೆಯ ಅಯಾನು ಸಮವಾಗಿಯೇ ಹೆಚ್ಚಿವೆ. ತೀರ ತಿಳಿಯಾದ ತುದಿಯಲ್ಲೂ ಒಂದು ಗುಂಡಿ ಇದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತರ ಮೈನಸ್ ಎಂಟನೇ ಘಾತದಷ್ಟು ತಿಳಿ ಮಾಡಿದರೆ ಪಿಎಚ್ ಎಷ್ಟು ಎಂಬುದು ಪರೀಕ್ಷೆಯಲ್ಲಿ ಪದೇಪದೇ ಬರುವ ಪ್ರಶ್ನೆ. ಸೂತ್ರ ಹಚ್ಚಿದ ಮಕ್ಕಳು ಎಂಟು ಎಂದು ಬರೆಯುತ್ತಾರೆ. ಆಮ್ಲ ಹಾಕಿದ ನೀರು ಕ್ಷಾರವಾಗಲು ಸಾಧ್ಯವೇ? ನೀರಿನ ಸ್ವಂತ ಅಯಾನುಗಳನ್ನೂ ಸೇರಿಸಿದರೆ ಉತ್ತರ 6.98. ಈ ಲೆಕ್ಕ ಬಿಡಿಸುವಾಗ ತರಗತಿಯಲ್ಲಿ ಒಂದು ನಗು ಹಬ್ಬುತ್ತದೆ, ನನಗೆ ಅದು ಇಷ್ಟ.

ನೀರೇ ಇಲ್ಲದ ಕಡೆ ಈ ಮಾಪನಕ್ಕೆ ಕೆಲಸವೇ ಇಲ್ಲ. ತೆಂಗಿನೆಣ್ಣೆಗೆ ಪಿಎಚ್ ಇಲ್ಲ, ತುಪ್ಪಕ್ಕೂ ಇಲ್ಲ. ತಲೆಗೆ ಹಚ್ಚುವ ಎಣ್ಣೆಯ ಡಬ್ಬಿಯ ಮೇಲೆ ಅದನ್ನು ಕಂಡರೆ ನಕ್ಕು ಮುಂದೆ ಹೋಗಬಹುದು. ಗಟ್ಟಿ ಗಂಧಕಾಮ್ಲದಂಥವನ್ನು ಅಳೆಯಲು ಅಮೆರಿಕದ ಲೂಯಿ ಹ್ಯಾಮೆಟ್ 1932ರಲ್ಲಿ ಬೇರೆಯೇ ಮಾಪನ ಕೊಟ್ಟರು. ಅದರಲ್ಲಿ ಶುದ್ಧ ಗಂಧಕಾಮ್ಲ ಸುಮಾರು ಮೈನಸ್ 12ಕ್ಕೆ ಬರುತ್ತದೆ. ಅದಕ್ಕಿಂತ ಗಟ್ಟಿಯಾದ ಸೂಪರ್ ಆಮ್ಲಗಳು ಇನ್ನೂ ಕೆಳಗೆ, ಮೈನಸ್ 20ರ ಆಚೆಗೂ ಹೋಗುತ್ತವೆ.

ಸೋರೆನ್ಸನ್ ಮಾತ್ರ ತಮ್ಮ ತಿಳಿಯಾದ ದ್ರಾವಣಗಳನ್ನು, ಪ್ರೋಟೀನುಗಳನ್ನು ಬಿಡಲಿಲ್ಲ. ಮೊಟ್ಟೆಯ ಬಿಳಿಭಾಗದ ಆಲ್ಬುಮಿನ್ ಅನ್ನು ಹರಳುಗಟ್ಟಿಸಿ ಶುದ್ಧ ಮಾಡಿ ಅದರ ಗುಣಗಳನ್ನು ಅಳೆದರು. 1917ರ ಈ ಕೆಲಸದಲ್ಲಿ ಅವರ ಹೆಸರಿನ ಜೊತೆ ಮಾರ್ಗರೆಥೆ ಹೋಯ್‌ರುಪ್ ಎಂಬ ಹೆಸರೂ ಇದೆ. ಮಾರ್ಗರೆಥೆ ಹೋಯ್‌ರುಪ್ ಸೋರೆನ್ಸನ್ ಅವರ ಪತ್ನಿ. ರಕ್ತದ ಹಿಮೋಗ್ಲೋಬಿನ್ ಕಾರ್ಬನ್ ಮಾನಾಕ್ಸೈಡ್ ಜೊತೆ ಸೇರುವ ಬಗೆ, ಕೊಬ್ಬು ಪ್ರೋಟೀನ್ ಜೊತೆಗೂಡಿದ ಲೈಪೋಪ್ರೋಟೀನುಗಳು, ಇವುಗಳ ಮೇಲೂ ಗಂಡನ ಜೊತೆ ಪ್ರಯೋಗಾಲಯದಲ್ಲಿ ದುಡಿದರು. ನಮ್ಮ ಪಠ್ಯಪುಸ್ತಕದ ಅರ್ಧ ಸಾಲಿನಲ್ಲಿ ಮಾರ್ಗರೆಥೆಗೆ ಜಾಗವಿಲ್ಲ, ಅದಕ್ಕೇ ಇಲ್ಲಿ ಬರೆದೆ.

ನೊಬೆಲ್ ಅವರಿಗೆ ಬರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್, ನಿಂಬೆರಸದ ಹುಳಿ ಅಳೆಯಲು ಒದ್ದಾಡುತ್ತಿದ್ದ ಗೆಳೆಯನಿಗಾಗಿ ಗಾಜಿನ ಎಲೆಕ್ಟ್ರೋಡಿನ ಮೀಟರ್ ಮಾಡಿಕೊಟ್ಟರು, ಪಿಎಚ್ ಪ್ರಯೋಗಾಲಯದ ಮೇಜಿನ ಮೇಲಿನ ಡಬ್ಬಿಯಾಯಿತು. 1938ರಲ್ಲಿ ಸೋರೆನ್ಸನ್ ನಿವೃತ್ತರಾದಾಗ ಅವರ ಸ್ಥಾನಕ್ಕೆ ಅದೇ ಲಿಂಡರ್‌ಸ್ಟ್ರೋಮ್ ಲ್ಯಾಂಗ್ ಬಂದರು. 1939ರ ಫೆಬ್ರವರಿ 12ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸೋರೆನ್ಸನ್ ತೀರಿಕೊಂಡರು.

ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಎಂಬಲ್ಲಿ ಹಳೆಯ ಗಣಿಯೊಂದಿದೆ. ಬೆಟ್ಟದೊಳಗಿನ ಪೈರೈಟ್ ಅದಿರಿಗೆ ಗಾಳಿ, ನೀರು ತಾಗಿ ಗಂಧಕಾಮ್ಲ ತಾನಾಗಿಯೇ ಹುಟ್ಟಿ ಜಿನುಗುತ್ತದೆ. ಅಲ್ಲಿನ ನೀರಿನ ಪಿಎಚ್ ಮೈನಸ್ 3.6 ಎಂದು 2000ದಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಷ್ಟು ಕೆಳಗೆ ಮೀಟರನ್ನು ಹೊಂದಿಸಲು ಅಂಗಡಿಯಲ್ಲಿ ಸಿಗುವ ಬಫರುಗಳು ಉಪಯೋಗಕ್ಕೆ ಬರುವುದಿಲ್ಲ. ಅವರು ಗಂಧಕಾಮ್ಲದ ದ್ರಾವಣಗಳನ್ನು ತಾವೇ ಮಾಡಿಕೊಂಡು, ಅಯಾನುಗಳ ಕ್ರಿಯಾಶಕ್ತಿಯ ಲೆಕ್ಕ ಹಾಕಿ, ಅವುಗಳಿಗೆ ಹೋಲಿಸಿ ಅಳೆದರು.